ಪೆನ್‌ಡ್ರೈವ್ ಕಾಣ್ತಿಲ್ಲ, ವೈಫೈ ಇಲ್ಲ, ಮಧ್ಯೆ ಹ್ಯಾಂಗ್: ಸೆಕೆಂಡ್‌ಹ್ಯಾಂಡ್ ಪುಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವ ಪಾಡು

ಪ್ರಶ್ನೆ: ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ 11 ಇಂಚಿನ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಇಂಟೆಲ್ ಆಟಮ್ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ವಿಂಡೋಸ್ 10 ತೆವಳುತ್ತಿತ್ತು, ಅದಕ್ಕೆ ಲಿನಕ್ಸ್ ಹಾಕಲು ಹೊರಟೆ. ಉಬುಂಟು ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣಿಸಲೇ ಇಲ್ಲ. ಮಿಂಟ್ ಕೂಡ ಅಷ್ಟೇ. ಸ್ನೇಹಿತರೊಬ್ಬರು ಪೆನ್‌ಡ್ರೈವ್‌ಗೆ ಯಾವುದೋ ಫೈಲ್ ಸೇರಿಸಿಕೊಟ್ಟ ಮೇಲೆ ಮಿಂಟ್ ಶುರುವಾಯಿತು. ಆದರೆ ವೈಫೈ ಇಲ್ಲ. ಆಗಾಗ ಮೌಸ್ ಸಮೇತ ಎಲ್ಲ ನಿಂತುಬಿಡುತ್ತದೆ. ಹೇಗೋ ಇನ್‌ಸ್ಟಾಲ್ ಮಾಡಿದರೆ ಕೊನೆಗೆ ಗ್ರಬ್ ಹಾಕಲು ಆಗಲಿಲ್ಲ ಎಂದು ಬಂತು. ಈಗ ಆನ್ ಮಾಡಿದರೆ 'ನೋ ಬೂಟಬಲ್ ಡಿವೈಸ್'. ವಿಂಡೋಸೂ ಹೋಯಿತು, ಲಿನಕ್ಸೂ ಬರಲಿಲ್ಲ. ಇದಕ್ಕೆ ಸರಿಹೋಗುವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಬಗೆ, ಯಾವುದು? 32-ಬಿಟ್‌ನದ್ದು ಹಾಕು ಅಂತ ಕೆಲವರು ಹೇಳ್ತಾರೆ. ಅಥವಾ ಲ್ಯಾಪ್‌ಟಾಪೇ ಕೆಟ್ಟಿದೆಯಾ?

ಉತ್ತರ:

ಲ್ಯಾಪ್‌ಟಾಪ್ ಕೆಟ್ಟಿರುವ ಲಕ್ಷಣ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ನಾಲ್ಕು ತೊಂದರೆ ಒಟ್ಟಿಗೆ ಮೇಲೆ ಬಿದ್ದಿವೆ, ಅಷ್ಟೇ. ಅವುಗಳ ಮೂಲವನ್ನು ನೀವೇ ಎರಡನೇ ಸಾಲಿನಲ್ಲಿ ಬರೆದಿದ್ದೀರಿ: ಝಡ್3735ಎಫ್. ಬೇ ಟ್ರೇಲ್ ಅಂತ ಕರೆಯುವ ಆಟಮ್ ಚಿಪ್‌ಗಳ ಗುಂಪಿಗೆ ಸೇರಿದ್ದು ಇದು. 2014ರ ಸುಮಾರಿಗೆ ಅಗ್ಗದ ಟ್ಯಾಬ್ಲೆಟ್‌ಗೂ ಪುಟ್ಟ ಲ್ಯಾಪ್‌ಟಾಪ್‌ಗೂ ಕಂಪನಿಗಳು ಇದನ್ನು ಧಾರಾಳವಾಗಿ ಹಾಕಿದವು. ಲಿನಕ್ಸ್ ಹಾಕುವವರ ತಾಳ್ಮೆಯನ್ನು ಇದರಷ್ಟು ಪರೀಕ್ಷೆ ಮಾಡಿದ ಚಿಪ್ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಇದರ ಕಾಯಿಲೆಗಳೆಲ್ಲ ಗೊತ್ತಿರುವಂಥವು, ಮದ್ದೂ ಗೊತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಬುಂಟು ಆಗಲಿಲ್ಲ, ಮಿಂಟ್ ಹಾಕಿದೆ, ಅದೂ ಆಗಲಿಲ್ಲ, ಇನ್ನೊಂದು ಯಾವುದು ಹೇಳಿ — ಹೀಗೆ ಡಿಸ್ಟ್ರೋ ಬದಲಾಯಿಸುತ್ತಾ ಹೋದರೆ ರಾತ್ರಿಗಳು ಹೋಗುತ್ತವೆ, ಸಮಸ್ಯೆ ಹೋಗುವುದಿಲ್ಲ. ಆನ್ ಮಾಡಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣುವವರೆಗೆ ಯಂತ್ರ ಕೆಲವು ಹಂತ ದಾಟಬೇಕು. ಬಯೋಸ್ (ಆನ್ ಮಾಡಿದ ತಕ್ಷಣ ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಪೆನ್‌ಡ್ರೈವನ್ನು ಗುರುತಿಸಬೇಕು, ಗ್ರಬ್ ಎಂಬ ಬೂಟ್‌ಲೋಡರ್‌ನ (ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಂ) ಮೆನು ಬರಬೇಕು, ಲಿನಕ್ಸ್‌ನ ತಿರುಳಾದ ಕರ್ನಲ್ ಲೋಡ್ ಆಗಬೇಕು, ಕರ್ನಲ್‌ಗೆ ಡಿಸ್ಕ್ ಸಿಗಬೇಕು, ಆಮೇಲೆ ಗ್ರಾಫಿಕ್ಸು, ವೈಫೈ. ಎಲ್ಲಿ ನಿಂತಿತು ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ನಿಮ್ಮದು ನಾಲ್ಕು ಬೇರೆ ಬೇರೆ ಕಡೆ ನಿಂತಿದೆ, ಹಾಗಾಗಿ ಒಂದೊಂದಾಗಿ ಬಿಡಿಸೋಣ.

ಪೆನ್‌ಡ್ರೈವ್ ಯಾಕೆ ಕಾಣಿಸಲಿಲ್ಲ?

ನಿಮ್ಮ ಪ್ರೊಸೆಸರ್ 64-ಬಿಟ್‌ನದ್ದು. ಅದರಲ್ಲಿ ಸಂಶಯ ಬೇಡ. ಆದರೆ ಅದರ ಮೇಲೆ ಕೂತಿರುವ ಬಯೋಸ್ 32-ಬಿಟ್‌ನದ್ದು. (ನಿಜಕ್ಕೂ ಅದು ಬಯೋಸ್ ಅಲ್ಲ, ಅದರ ಜಾಗಕ್ಕೆ ಬಂದ ಯುಇಎಫ್‌ಐ. ಆದರೆ ಎಲ್ಲರೂ ಬಯೋಸ್ ಅಂತಲೇ ಹೇಳುವುದರಿಂದ ನಾನೂ ಹಾಗೇ ಬರೆಯುತ್ತೇನೆ.) ಈ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದಾಗ ಒಳಗೆ 32-ಬಿಟ್ ವಿಂಡೋಸ್ ಇತ್ತು. ವಿಂಡೋಸ್‌ಗೆ ಯುಇಎಫ್‌ಐ ಎಷ್ಟು ಬಿಟ್‌ನದ್ದೋ ಅಷ್ಟೇ ಬಿಟ್ ಇರಬೇಕು, ಹೊಂದಾಣಿಕೆ ಇಲ್ಲ. ಹಾಗಾಗಿ ಕಂಪನಿಗಳು ಬಯೋಸನ್ನೂ 32-ಬಿಟ್‌ನದ್ದೇ ಹಾಕಿ ಕೈತೊಳೆದುಕೊಂಡವು.

ಇಂಥ ಬಯೋಸ್ ಪೆನ್‌ಡ್ರೈವ್ ಒಳಗೆ ಏನು ಹುಡುಕುತ್ತದೆ ಗೊತ್ತಾ? ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ 'ಬೂಟ್‌ಐಎ32' ಎಂಬ ಫೈಲ್. 64-ಬಿಟ್ ಬಯೋಸ್ ಆದರೆ ಅದೇ ಜಾಗದಲ್ಲಿ 'ಬೂಟ್‌ಎಕ್ಸ್64' ಎಂಬುದನ್ನು ಹುಡುಕುತ್ತದೆ. ಉಬುಂಟು, ಮಿಂಟ್‌ಗಳ ಇಮೇಜ್‌ನಲ್ಲಿ (ಪೆನ್‌ಡ್ರೈವ್‌ಗೆ ಬರೆಯುವ ಇನ್‌ಸ್ಟಾಲ್ ಫೈಲ್) ಎರಡನೆಯದು ಇರುತ್ತದೆ, ಮೊದಲನೆಯದು ಇರುವುದಿಲ್ಲ. ತನಗೆ ಬೇಕಾದ ಫೈಲ್ ಸಿಗದಿದ್ದರೆ ಬಯೋಸ್ ಎರರ್ ಕೂಡ ತೋರಿಸುವುದಿಲ್ಲ, ಪೆನ್‌ಡ್ರೈವ್ ಇಲ್ಲವೇ ಇಲ್ಲ ಎಂಬಂತೆ ಸುಮ್ನೆ ಕೂರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಹೆಸರು ಕಾಣುತ್ತದೆ, ಆಯ್ಕೆ ಮಾಡಿದರೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಮೆನುಗೆ ಬರುತ್ತದೆ. ಎರಡೂ ಒಂದೇ ಕಾಯಿಲೆ. ನಿಮ್ಮ ಸ್ನೇಹಿತರು ಸೇರಿಸಿದ ಫೈಲ್ ಇದೇ. ಅವರಿಗೆ ವಿಷಯ ಗೊತ್ತಿದೆ, ಆದರೆ ಅರ್ಧದಲ್ಲಿ ಬಿಟ್ಟಿದ್ದಾರೆ.

ಬೇರೆ ಲ್ಯಾಪ್‌ಟಾಪ್ ಇರುವವರು ತಮ್ಮದು ಎಷ್ಟು ಬಿಟ್ ಅಂತ ತಿಳಿಯಬೇಕಾದರೆ ಹೀಗೆ ಮಾಡಿ. ವಿಂಡೋಸ್ ಇನ್ನೂ ಇದ್ದರೆ 'ಸಿಸ್ಟಮ್ ಇನ್‌ಫರ್ಮೇಶನ್' ತೆರೆಯಿರಿ. ಬಯೋಸ್ ಮೋಡ್ ಎಂಬಲ್ಲಿ ಯುಇಎಫ್‌ಐ ಅಂತಲೂ ಸಿಸ್ಟಮ್ ಟೈಪ್ ಎಂಬಲ್ಲಿ ಎಕ್ಸ್86 ಅಂತಲೂ ಇದ್ದರೆ ಬಯೋಸ್ 32-ಬಿಟ್‌ನದ್ದೇ. ಲಿನಕ್ಸ್ ಬೂಟ್ ಆಗಿದ್ದರೆ ಇನ್ನೂ ಸುಲಭ: ಸಿಸ್ ಎಂಬ ಡೈರೆಕ್ಟರಿಯೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ, ಅಲ್ಲಿ 'ಎಫ್‌ಡಬ್ಲ್ಯು ಪ್ಲಾಟ್‌ಫಾರ್ಮ್ ಸೈಜ್' ಎಂಬ ಪುಟ್ಟ ಫೈಲ್ ಇದೆ. ತೆರೆದರೆ 32 ಅಥವಾ 64, ಒಂದೇ ಸಂಖ್ಯೆ. ಇಎಫ್‌ಐ ಎಂಬ ಡೈರೆಕ್ಟರಿಯೇ ಇಲ್ಲದಿದ್ದರೆ ನೀವು ಹಳೇ ಲೆಗಸಿ ಕ್ರಮದಲ್ಲಿ ಬೂಟ್ ಮಾಡಿದ್ದೀರಿ, ಈ ತಲೆನೋವು ನಿಮಗಿಲ್ಲ.

32-ಬಿಟ್ ಡಿಸ್ಟ್ರೋ ಹಾಕು ಎನ್ನುವ ಸಲಹೆ ಕೇಳಬೇಡಿ. ಒಂದು ಕಾಲಕ್ಕೆ ಅದು ನಡೆಯುತ್ತಿತ್ತು. ಈಗ ಆ ದಾರಿ ಮುಚ್ಚುತ್ತಾ ಬಂದಿದೆ. ಉಬುಂಟು 2017ರಲ್ಲೇ 32-ಬಿಟ್ ಡೆಸ್ಕ್‌ಟಾಪ್ ಇಮೇಜ್ ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೂ 32-ಬಿಟ್ ಪಿಸಿ ಇನ್‌ಸ್ಟಾಲರ್ ಇಲ್ಲ. ಅದೂ ಅಲ್ಲದೆ ನಿಮಗೆ ಅದರ ಅಗತ್ಯವೇ ಇಲ್ಲ. 64-ಬಿಟ್ ಕರ್ನಲ್ 32-ಬಿಟ್ ಯುಇಎಫ್‌ಐ ಮೇಲೆ ಓಡುವ ಸೌಲಭ್ಯ ಲಿನಕ್ಸ್‌ಗೆ 2014ರಲ್ಲೇ, 3.15ನೇ ಆವೃತ್ತಿಯಲ್ಲಿ ಸೇರಿದೆ. ಬೇಕಾಗಿರುವುದು 64-ಬಿಟ್ ಸಿಸ್ಟಮ್, ಅದಕ್ಕೊಂದು 32-ಬಿಟ್ ಬೂಟ್‌ಲೋಡರ್, ಅಷ್ಟೇ.

ಎರಡನ್ನೂ ತಾನೇ ನೋಡಿಕೊಳ್ಳುವ ಡಿಸ್ಟ್ರೋಗಳಲ್ಲಿ ನಾನು ಹೇಳುವುದು ಡೆಬಿಯನ್. ಅದರ ಈಗಿನ 64-ಬಿಟ್ ನೆಟ್‌ಇನ್‌ಸ್ಟ್ ಇಮೇಜ್‌ನಲ್ಲಿ (ಉಳಿದದ್ದನ್ನು ನೆಟ್‌ನಿಂದ ಇಳಿಸಿಕೊಳ್ಳುವ ಪುಟ್ಟ ಇಮೇಜ್) 32-ಬಿಟ್ ಯುಇಎಫ್‌ಐಗೆ ಬೇಕಾದ ಫೈಲ್ ಮೊದಲೇ ಇದೆ, ಇನ್‌ಸ್ಟಾಲರ್ ಕೂಡ ಬಯೋಸ್ ಎಷ್ಟು ಬಿಟ್ ಅಂತ ನೋಡಿ ಅದಕ್ಕೆ ತಕ್ಕ ಗ್ರಬ್ ಹಾಕುತ್ತದೆ. ಫೆಡೋರಾ ಕೂಡ 2017ರಿಂದ ಇದನ್ನು ಬೆಂಬಲಿಸುತ್ತದೆ, ಆದರೆ 2 ಜಿಬಿ ರ‍್ಯಾಮ್‌ಗೆ ಅದರ ಡೆಸ್ಕ್‌ಟಾಪ್ ಭಾರ. ಒಂದೇ ಪೆನ್‌ಡ್ರೈವ್‌ನಲ್ಲಿ ಹಲವು ಐಎಸ್‌ಒ (ಇಮೇಜ್ ಫೈಲ್) ಇಡಲು ವೆಂಟಾಯ್ ಬಳಸುವವರಿಗೆ ಒಂದು ಸೂಚನೆ: ವೆಂಟಾಯ್ ಮೆನು 32-ಬಿಟ್ ಬಯೋಸ್‌ನಲ್ಲಿ ಬರುತ್ತದೆ, ಹಾಗಂತ ಒಳಗಿನ ಎಲ್ಲ ಐಎಸ್‌ಒ ಬೂಟ್ ಆಗುತ್ತವೆ ಅಂತಲ್ಲ. ಐಎಸ್‌ಒ ಒಳಗೂ ಆ ಫೈಲ್ ಇರಬೇಕು.

'ನೋ ಬೂಟಬಲ್ ಡಿವೈಸ್' ಬಂದದ್ದು ಹೇಗೆ?

ಮೇಲಿನದನ್ನು ಓದಿದ ಮೇಲೆ ಇದು ನಿಮಗೇ ಹೊಳೆದಿರುತ್ತದೆ. ಪೆನ್‌ಡ್ರೈವ್‌ಗೆ ಫೈಲ್ ಸೇರಿಸಿದ್ದರಿಂದ ಇನ್‌ಸ್ಟಾಲರ್ ಶುರುವಾಯಿತು. ಆದರೆ ಮಿಂಟ್ ಇನ್‌ಸ್ಟಾಲರ್ ಕೊನೆಗೆ ತನ್ನ ಅಭ್ಯಾಸದಂತೆ 64-ಬಿಟ್ ಗ್ರಬ್ ಹಾಕಲು ಹೋಯಿತು. ಹಾಕಿದ್ದರೂ ನಿಮ್ಮ ಬಯೋಸ್ ಅದನ್ನು ಓದುತ್ತಿರಲಿಲ್ಲ. ಡಿಸ್ಕ್ ಒಳಗೆ ಮಿಂಟ್ ಬಹುಶಃ ಪೂರ್ತಿ ಇದೆ, ಬಾಗಿಲು ಮಾತ್ರ ಇಲ್ಲ. ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ) ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಒಳಗಿನ ಸಿಸ್ಟಮ್‌ಗೆ ಚ್ರೂಟ್ ಆಗಿ (ಅಂದರೆ ಅದರೊಳಗೆ ಹೊಕ್ಕು), ಗ್ರಬ್‌ನ ಐಎ32 ಪ್ಯಾಕೇಜ್ ಹಾಕಿ ಸರಿಮಾಡಬಹುದು. ಆದರೆ ನಿಮ್ಮದು ಆಗಾಗ ಹ್ಯಾಂಗ್ ಆಗುವ ಯಂತ್ರ, ಒಳಗೆ ಉಳಿಸಿಕೊಳ್ಳಬೇಕಾದ ಫೈಲ್‌ಗಳೂ ಇಲ್ಲ. ಹೊಸದಾಗಿ ಡೆಬಿಯನ್ ಹಾಕುವುದೇ ಕಡಿಮೆ ಶ್ರಮ.

ಹಾಕಿದ ಮೇಲೂ ಇನ್ನೊಂದು ಹೊಂಡ ಇದೆ. ಸಾಮಾನ್ಯವಾಗಿ ಗ್ರಬ್ ತನ್ನ ಹೆಸರನ್ನು ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಬರೆಸಿ ಬರುತ್ತದೆ. ಅಗ್ಗದ ಬಯೋಸ್‌ಗಳಲ್ಲಿ ಕೆಲವು ಆ ಪಟ್ಟಿಯನ್ನು ರೀಸ್ಟಾರ್ಟ್ ಆಗುವಷ್ಟರಲ್ಲಿ ಮರೆಯುತ್ತವೆ, ಇನ್ನು ಕೆಲವು ವಿಂಡೋಸ್ ಹೆಸರು ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಇಂಥವಕ್ಕೆ ಉಪಾಯ, ಡಿಸ್ಕ್‌ನಲ್ಲೂ ಪೆನ್‌ಡ್ರೈವ್‌ನಲ್ಲಿ ಇದ್ದ ಅದೇ ಜಾಗದಲ್ಲಿ, ಅದೇ ಬೂಟ್‌ಐಎ32 ಹೆಸರಿನಲ್ಲಿ ಗ್ರಬ್‌ನ ಇನ್ನೊಂದು ಪ್ರತಿ ಇಡುವುದು. ಪಟ್ಟಿ ಖಾಲಿಯಿದ್ದರೂ ಬಯೋಸ್ ಅಲ್ಲಿ ಒಮ್ಮೆ ಇಣುಕುತ್ತದೆ. ಡೆಬಿಯನ್‌ನಲ್ಲಿ ಇದಕ್ಕೆ ಕಮಾಂಡ್ ಕಲಿಯಬೇಕಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ರೆಸ್ಕ್ಯೂ ಮೋಡ್ ಆರಿಸಿ, ರೂಟ್ ಪಾರ್ಟಿಶನ್ (ಸಿಸ್ಟಮ್ ಇರುವ ಪಾಲು) ತೋರಿಸಿದರೆ, ರಿಮೂವಬಲ್ ಮೀಡಿಯಾ ಜಾಗಕ್ಕೆ ಗ್ರಬ್ ಹಾಕು ಎನ್ನುವ ಆಯ್ಕೆ ಮೆನುವಿನಲ್ಲೇ ಸಿಗುತ್ತದೆ. 'ರಿಮೂವಬಲ್' ಅಂತ ಇದೆಯಲ್ಲ, ಪೆನ್‌ಡ್ರೈವ್‌ಗೆ ಹಾಕಿಬಿಡುತ್ತದೇನೋ ಅಂತ ಹೆದರಬೇಡಿ. ಡಿಸ್ಕ್‌ಗೇ ಹಾಕುತ್ತದೆ.

ಏಸರ್ ಲ್ಯಾಪ್‌ಟಾಪ್ ಇರುವವರಿಗೆ ಇಲ್ಲೇ ಒಂದು ಮಾತು. ಅವುಗಳಲ್ಲಿ ಅನೇಕದರಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ವ್ಯವಸ್ಥೆ) ಆಯ್ಕೆ ಮಂಕಾಗಿರುತ್ತದೆ, ಒತ್ತಿದರೂ ಬದಲಾಗುವುದಿಲ್ಲ. ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಒಂದನ್ನು ಇಟ್ಟರೆ ಆ ಜಾಗ ತೆರೆದುಕೊಳ್ಳುತ್ತದೆ. ಅಲ್ಲೇ, ಇಂಥ ಯುಇಎಫ್‌ಐ ಫೈಲ್ ನಂಬಬಹುದು ಅಂತ ಗ್ರಬ್ ಫೈಲನ್ನು ತೋರಿಸುವ ಆಯ್ಕೆಯೂ ಇದೆ. ಆ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಮರೆತರೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ನ ಅತಿ ದೊಡ್ಡ ಶಾಪವಾದ ಬೀಗ ಹಾಕಿದ ಬಯೋಸನ್ನು ನೀವೇ ತಯಾರು ಮಾಡಿದಂತೆ.

ಇನ್‌ಸ್ಟಾಲ್ ಮಾಡುವಾಗ

ಡೆಬಿಯನ್ ಸೈಟಿನಿಂದ 64-ಬಿಟ್ ಪಿಸಿಯ ನೆಟ್‌ಇನ್‌ಸ್ಟ್ ಇಳಿಸಿಕೊಳ್ಳಿ. ಫೈಲ್ ಪೂರ್ತಿ ಸರಿಯಾಗಿ ಇಳಿದಿದೆಯಾ ಅಂತ ತೋರಿಸುವ ಶಾ256 ಚೆಕ್‌ಸಮ್ ತಾಳೆ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಗೊತ್ತು. ಆದರೆ ಅರ್ಧಂಬರ್ಧ ಇಳಿದ ಫೈಲ್ ಕೊಡುವ ಕಾಟ ಹಾಳಾದ ರ‍್ಯಾಮ್ ಕೊಡುವ ಕಾಟದಂತೆಯೇ ಇರುತ್ತದೆ, ಆಮೇಲೆ ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ತಲೆ ಕೆರೆದುಕೊಳ್ಳಬೇಕು. ಪೆನ್‌ಡ್ರೈವ್‌ಗೆ ಇಮೇಜನ್ನು ರೂಫಸ್ ಎಂಬ ಪ್ರೋಗ್ರಾಂನಲ್ಲಿ ಬರೆಯುವಾಗ ಐಎಸ್‌ಒ ಮೋಡ್ ಬೇಕಾ ಡಿಡಿ ಮೋಡ್ ಬೇಕಾ ಅಂತ ಕೇಳಿದರೆ ಡಿಡಿ ಅನ್ನಿ.

ಬಯೋಸ್ ಒಳಗೆ ಹೋಗಿ (ಆನ್ ಆಗುವಾಗ ಎಫ್2, ಡಿಲೀಟ್ ಅಥವಾ ಎಸ್ಕೇಪ್, ಯಾವುದಾದರೂ ಒಂದು ಕೆಲಸ ಮಾಡುತ್ತದೆ) ಸೆಕ್ಯೂರ್ ಬೂಟ್ ಆಫ್ ಮಾಡಿ, ಫಾಸ್ಟ್ ಬೂಟ್ ಕೂಡ ಆಫ್ ಮಾಡಿ. ಫಾಸ್ಟ್ ಬೂಟ್ ಇದ್ದರೆ ಕೆಲವು ಬಯೋಸ್‌ಗಳು ಯುಎಸ್‌ಬಿಯನ್ನು ನೋಡದೆಯೇ ಮುಂದೆ ಓಡುತ್ತವೆ. ಇವೆರಡನ್ನು ಬಿಟ್ಟು ಬೇರೇನೂ ಮುಟ್ಟಬೇಡಿ. ಹೆಸರಿಲ್ಲದ ಅಗ್ಗದ ಬ್ರ್ಯಾಂಡ್‌ಗಳ ಬಯೋಸ್‌ನಲ್ಲಿ ಕಾರ್ಖಾನೆಯವರಿಗೆ ಮೀಸಲಾದ ನೂರಾರು ಆಯ್ಕೆಗಳು ಬೀಗವಿಲ್ಲದೆ ತೆರೆದೇ ಇರುತ್ತವೆ. ಒಂದನ್ನು ತಪ್ಪಾಗಿ ಬದಲಾಯಿಸಿದರೆ ಸ್ಕ್ರೀನ್ ಮತ್ತೆ ಬೆಳಗದೇ ಇರಬಹುದು.

ಇನ್‌ಸ್ಟಾಲರ್ ಮೆನು ಬಂದಾಗ ಗ್ರಾಫಿಕಲ್ ಬಿಟ್ಟು ಬರೀ 'ಇನ್‌ಸ್ಟಾಲ್' ಆರಿಸಿ. ನೀಲಿ ಹಿನ್ನೆಲೆಯ ಹಳೇ ಕಾಲದ ಪರದೆ ಬರುತ್ತದೆ, ನೋಡಲು ಚೆಂದವಿಲ್ಲ, ಆದರೆ ಪೂರ್ತಿ ಡೆಸ್ಕ್‌ಟಾಪನ್ನು ರ‍್ಯಾಮ್‌ನಲ್ಲಿ ಹೊತ್ತುಕೊಂಡು ಓಡುವ ಲೈವ್ ಇಮೇಜ್‌ಗಿಂತ 2 ಜಿಬಿ ಯಂತ್ರಕ್ಕೆ ಇದು ಎಷ್ಟೋ ಹಗುರ.

ಎಂಟರ್ ಒತ್ತುವ ಮೊದಲು ಒಂದು ಕೆಲಸ ಇದೆ. ಅದು ನಿಮ್ಮ ಹ್ಯಾಂಗ್ ಸಮಸ್ಯೆಗೆ.

ಬೇ ಟ್ರೇಲ್ ಚಿಪ್‌ಗಳಲ್ಲಿ ಒಂದು ಕುಖ್ಯಾತ ತೊಂದರೆ ಇದೆ. ಕೆಲಸವಿಲ್ಲದಾಗ ಪ್ರೊಸೆಸರ್ ಬ್ಯಾಟರಿ ಉಳಿಸಲು ಸಿ-ಸ್ಟೇಟ್ ಎಂಬ ನಿದ್ದೆಯ ಹಂತಗಳಿಗೆ ಇಳಿಯುತ್ತದೆ. ಆಳದ ನಿದ್ದೆಗೆ ಇಳಿದದ್ದು ಕೆಲವೊಮ್ಮೆ ಏಳುವುದೇ ಇಲ್ಲ. ಆಗ ನೀವು ಬರೆದಂತೆ ಮೌಸ್ ಸಮೇತ ಎಲ್ಲ ಕಲ್ಲಾಗುತ್ತದೆ, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ಕರ್ನಲ್‌ನ ತೊಂದರೆಗಳನ್ನು ದಾಖಲಿಸುವ ತಾಣ ಬಗ್‌ಝಿಲಾದಲ್ಲಿ ಈ ದೂರು ವರ್ಷಗಟ್ಟಲೆ ಬೆಳೆಯಿತು. ಹೊಸ ಕರ್ನಲ್‌ಗಳಲ್ಲಿ ಕಾಟ ಕಡಿಮೆಯಾಗಿದೆ, ಆದರೆ ಇನ್‌ಸ್ಟಾಲ್ ನಡುವೆ ನಿಂತರೆ ಎಲ್ಲ ಮೊದಲಿನಿಂದ ಅಲ್ವಾ? ಅದಕ್ಕೆ ಮುನ್ನೆಚ್ಚರಿಕೆ. ಮೆನುವಿನಲ್ಲಿ 'ಇನ್‌ಸ್ಟಾಲ್' ಮೇಲೆ ನಿಂತು ಇ ಅಕ್ಷರ ಒತ್ತಿ. ಕೆಲವು ಸಾಲು ಕಾಣುತ್ತವೆ. 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ. ಅಲ್ಲಿ ಮೂರು ಅಡ್ಡಗೆರೆ, ಅದರ ನಂತರ 'ಕ್ವಯಟ್' ಎಂಬ ಪದ ಇರುತ್ತದೆ. ಒಂದು ಜಾಗ ಬಿಟ್ಟು ಹೀಗೆ ಟೈಪ್ ಮಾಡಿ: ಇಂಟೆಲ್, ಅಂಡರ್‌ಸ್ಕೋರ್, ಐಡಲ್, ಚುಕ್ಕೆ, ಮ್ಯಾಕ್ಸ್, ಅಂಡರ್‌ಸ್ಕೋರ್, ಸಿಸ್ಟೇಟ್, ಸಮ ಚಿಹ್ನೆ, 1. ಎಲ್ಲ ಚಿಕ್ಕ ಇಂಗ್ಲಿಷ್ ಅಕ್ಷರ, ನಡುವೆ ಎಲ್ಲೂ ಜಾಗ ಬಿಡಬಾರದು, ಸಿಸ್ಟೇಟ್ ಅಂದರೆ ಸಿ ಅಕ್ಷರ, ಅದಕ್ಕೆ ಅಂಟಿದಂತೆ ಸ್ಟೇಟ್. ಆಮೇಲೆ ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬೂಟ್ ಆಗುತ್ತದೆ. ಆ ಮೂರು ಗೆರೆಗಳ ನಂತರ ಬರೆದದ್ದನ್ನು ಡೆಬಿಯನ್ ಇನ್‌ಸ್ಟಾಲರ್ ನೆನಪಿಟ್ಟುಕೊಂಡು ಹೊಸ ಸಿಸ್ಟಮ್‌ಗೂ ಹಾಕಿಕೊಡುತ್ತದೆ, ಮತ್ತೆ ಬರೆಯುವ ಕೆಲಸ ಇಲ್ಲ.

ಇದರಿಂದ ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ. ಎಲ್ಲ ಸರಿಯಾಗಿ ಒಂದೆರಡು ವಾರ ಓಡಿದ ಮೇಲೆ ಗ್ರಬ್ ಸೆಟ್ಟಿಂಗ್‌ನಿಂದ ಈ ಪದ ತೆಗೆದು ನೋಡಿ. ಹ್ಯಾಂಗ್ ಆಗದಿದ್ದರೆ ತೆಗೆದೇ ಇಡಿ, ಹ್ಯಾಂಗ್ ಆದರೆ ಮತ್ತೆ ಸೇರಿಸಿ.

ಮುಂದೆ ಡಿಸ್ಕ್ ಆರಿಸುವ ಪರದೆಯಲ್ಲಿ ಎಷ್ಟೋ ಜನ ಗಲಿಬಿಲಿಗೊಳ್ಳುತ್ತಾರೆ. ನಿಮ್ಮ 32 ಜಿಬಿ ಸ್ಟೋರೇಜ್ ಹಾರ್ಡ್ ಡಿಸ್ಕೂ ಅಲ್ಲ, ಎಸ್‌ಎಸ್‌ಡಿಯೂ ಅಲ್ಲ. ಅದು ಇಎಂಎಂಸಿ, ಬೋರ್ಡ್‌ಗೇ ಬೆಸೆದ ಮೆಮೊರಿ ಕಾರ್ಡ್ ಇದ್ದಂತೆ. ಹಾಗಾಗಿ ಇನ್‌ಸ್ಟಾಲರ್ ಅದನ್ನು 'ಎಂಎಂಸಿ/ಎಸ್‌ಡಿ ಕಾರ್ಡ್' ಅಂತ ತೋರಿಸುತ್ತದೆ. ನನ್ನ ಡಿಸ್ಕ್ ಎಲ್ಲಿ ಹೋಯಿತು ಅಂತ ಗಾಬರಿ ಬೇಡ, ಅದೇ ಅದು. ಅದರ ಜೊತೆ ಕೆಲವೇ ಎಂಬಿಯ ಬೂಟ್0, ಬೂಟ್1 ಎಂಬ ತುಣುಕುಗಳೂ ಕಾಣಬಹುದು. ಅವುಗಳ ತಂಟೆಗೆ ಹೋಗಬೇಡಿ. ಎಸ್‌ಡಿಎ ಅಂತ ಇರುವುದು ನಿಮ್ಮ ಪೆನ್‌ಡ್ರೈವ್. ಸ್ಲಾಟ್‌ನಲ್ಲಿ ನಿಜವಾದ ಎಸ್‌ಡಿ ಕಾರ್ಡ್ ಇದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ತೆಗೆದಿಡಿ, ಗೊಂದಲವೇ ಇರುವುದಿಲ್ಲ. ಗಾತ್ರ ನೋಡಿ ಸರಿಯಾದದ್ದನ್ನು ಆರಿಸಿ, ಇಡೀ ಡಿಸ್ಕ್ ಬಳಸು ಅನ್ನಿ, ಎಲ್ಲ ಒಂದೇ ಪಾರ್ಟಿಶನ್ ಅನ್ನಿ. 32 ಜಿಬಿಯಲ್ಲಿ ಹೋಮ್‌ಗೆ (ನಿಮ್ಮ ಸ್ವಂತ ಫೈಲ್‌ಗಳ ಜಾಗ) ಬೇರೆ ಪಾಲು ಮಾಡಿದರೆ ಒಂದು ಕಡೆ ಜಾಗ ಮಿಕ್ಕಿರುತ್ತದೆ, ಇನ್ನೊಂದು ಕಡೆ ಸಾಲದೆ ಬರುತ್ತದೆ.

ಡೆಸ್ಕ್‌ಟಾಪ್ ಕೇಳಿದಾಗ ಗ್ನೋಮ್ ಟಿಕ್ ತೆಗೆದು ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯುಟಿ ಹಾಕಿ. ಎರಡರಲ್ಲಿ ಯಾವುದು ಹಗುರ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಬ್ರೌಸರ್‌ನ ನಾಲ್ಕು ಟ್ಯಾಬ್ ತೆರೆದರೆ ಆ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ವೈಫೈ ಎಲ್ಲಿ?

ಈ ಗುಂಪಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವ ವೈಫೈ ಚಿಪ್ ರಿಯಲ್‌ಟೆಕ್ 8723ಬಿಎಸ್. ಇದು ಪಿಸಿಐ ಮೇಲೂ ಇಲ್ಲ, ಯುಎಸ್‌ಬಿ ಮೇಲೂ ಇಲ್ಲ, ಎಸ್‌ಡಿಐಒ ಎಂಬ ದಾರಿಯಲ್ಲಿ ಕೂತಿರುತ್ತದೆ. ಹಾಗಾಗಿ ಪಿಸಿಐ ಪಟ್ಟಿ, ಯುಎಸ್‌ಬಿ ಪಟ್ಟಿ ಎರಡನ್ನೂ ನೋಡಿ, ವೈಫೈ ಹೆಸರೇ ಇಲ್ಲ, ಕಾರ್ಡ್ ಸತ್ತಿದೆ ಅಂತ ತೀರ್ಮಾನ ಮಾಡುವವರು ತುಂಬಾ ಜನ. ಸತ್ತಿರುವುದಿಲ್ಲ. ಡ್ರೈವರ್ ಕರ್ನಲ್ ಒಳಗೆ 2017ರಿಂದ ಇದೆ. ಅದರ ಜೊತೆ ಒಂದು ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಂ) ಫೈಲ್ ಬೇಕು, ಅದು ಡೆಬಿಯನ್‌ನಲ್ಲಿ 'ಫರ್ಮ್‌ವೇರ್-ರಿಯಲ್‌ಟೆಕ್' ಪ್ಯಾಕೇಜ್‌ನಲ್ಲಿ ಬರುತ್ತದೆ. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್‌ಗಳು ಅಧಿಕೃತ ಇಮೇಜ್‌ನಲ್ಲೇ ಇವೆ. ಅದಕ್ಕೂ ಮೊದಲು ಇವನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಹೊತ್ತು ತರಬೇಕಿತ್ತು, ಇಂಟರ್ನೆಟ್ ಇಲ್ಲದೆ ವೈಫೈ ಇಲ್ಲ, ವೈಫೈ ಇಲ್ಲದೆ ಇಂಟರ್ನೆಟ್ ಇಲ್ಲ ಎನ್ನುವ ಆಟ.

ಆದರೂ ಇನ್‌ಸ್ಟಾಲ್ ನಡೆಯುವಾಗ ವೈಫೈ ಸಿಗದೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಸಿಕ್ಕಿಸಿ, ಫೋನ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇನ್‌ಸ್ಟಾಲರ್‌ಗೆ ಅದು ವೈರ್ ಇರುವ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತದೆ. ಫೋನ್ ವೈಫೈನಲ್ಲಿದ್ದರೆ ಆ ವೈಫೈಯೇ ಕೇಬಲ್ ಮೂಲಕ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗಬೇಕಿಲ್ಲ. ಡ್ರೈವರ್ ಬೇಡ, ಪಾಸ್‌ವರ್ಡ್ ಬೇಡ. ಹಳೇ ಲ್ಯಾಪ್‌ಟಾಪ್ ರಿಪೇರಿಯಲ್ಲಿ ನನಗೆ ಇಷ್ಟು ಉಪಯೋಗಕ್ಕೆ ಬಂದ ಉಪಾಯ ಇನ್ನೊಂದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದೇ ಯುಎಸ್‌ಬಿ ಜಾಗ ಇದ್ದರೆ ಮಾತ್ರ ಒಂದು ಹಬ್ ಬೇಕಾಗುತ್ತದೆ.

ಇನ್ನೊಂದು ವಿಚಿತ್ರ. ನೆಟ್ ಬಂದಿದೆ, ಆದರೆ ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ, ಅಪ್‌ಡೇಟ್ ಮಾಡಲು ಹೋದರೆ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಎಂಬರ್ಥದ ಎರರ್. ಆಗ ದಿನಾಂಕ ನೋಡಿ. ತಿಂಗಳುಗಟ್ಟಲೆ ಬ್ಯಾಟರಿ ಸತ್ತು ಮೂಲೆಯಲ್ಲಿ ಬಿದ್ದಿದ್ದ ಯಂತ್ರದ ಗಡಿಯಾರ ವರ್ಷಗಳಷ್ಟು ಹಿಂದಿರುತ್ತದೆ. ಬಯೋಸ್‌ನಲ್ಲೇ ದಿನಾಂಕ ಸರಿಮಾಡಿದರೆ ಎಲ್ಲವೂ ಸರಿ.

ಹಾರ್ಡ್‌ವೇರ್ ನಿಜಕ್ಕೂ ಹಾಳಾಗಿದ್ದರೆ

ನಿಮ್ಮದು ಹಾಳಾಗಿಲ್ಲ ಅಂದೆ, ಆದರೂ ಸೆಕೆಂಡ್‌ಹ್ಯಾಂಡ್ ಅಂದ ಮೇಲೆ ಎರಡು ಪರೀಕ್ಷೆ ಮಾಡಿಬಿಡಿ. ಮೊದಲನೆಯದು ರ‍್ಯಾಮ್. ಮೆಮ್‌ಟೆಸ್ಟ್86+ 6ನೇ ಆವೃತ್ತಿಯಿಂದ ಯುಇಎಫ್‌ಐನಲ್ಲೂ ಓಡುತ್ತದೆ. ನಿಮ್ಮ ಬಯೋಸ್‌ಗೆ ಅದರ 32-ಬಿಟ್ ಫೈಲೇ ಬೇಕು ಅಂತ ಬೇರೆ ಹೇಳಬೇಕಿಲ್ಲ ತಾನೇ. ರಾತ್ರಿ ಓಡಲು ಬಿಟ್ಟು ಮಲಗಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಕೆಟ್ಟಿದೆ. ಇಂಥ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಬೋರ್ಡ್‌ಗೆ ಬೆಸೆದಿರುವುದರಿಂದ ಬದಲಾಯಿಸಲು ಆಗುವುದಿಲ್ಲ, ಮಾರಿದವರಿಗೆ ವಾಪಸ್ ಕೊಡುವುದೊಂದೇ ದಾರಿ.

ಎರಡನೆಯದು ಇಎಂಎಂಸಿಯ ಆಯಸ್ಸು. ಈ ಮೆಮೊರಿ ಬರೆದಷ್ಟೂ ಸವೆಯುತ್ತದೆ, ಎಷ್ಟು ಸವೆದಿದೆ ಅಂತ ತನ್ನಲ್ಲೇ ಲೆಕ್ಕ ಇಟ್ಟಿರುತ್ತದೆ. ಸಿಸ್ ಡೈರೆಕ್ಟರಿಯೊಳಗೆ ಬ್ಲಾಕ್, ಅದರೊಳಗೆ ಈ ಇಎಂಎಂಸಿಯ ಹೆಸರು, ಅದರೊಳಗೆ ಡಿವೈಸ್, ಅಲ್ಲಿ 'ಲೈಫ್ ಟೈಮ್' ಎಂಬ ಫೈಲ್ ತೆರೆದರೆ ಎರಡು ಸಂಖ್ಯೆ ಕಾಣುತ್ತವೆ. 01 ಅಂದರೆ ಹತ್ತು ಶೇಕಡದವರೆಗೆ ಸವೆದಿದೆ, 05 ಅಂದರೆ ಅರ್ಧದ ಹತ್ತಿರ. 0ಎ ಅಂದರೆ ತೊಂಬತ್ತು ದಾಟಿದೆ. 0ಬಿ ಇದ್ದರೆ ಆಯಸ್ಸು ಮುಗಿದಿದೆ, ಮುಖ್ಯವಾದ ಯಾವ ಫೈಲನ್ನೂ ಅದರಲ್ಲಿ ಮಾತ್ರ ಇಡಬೇಡಿ.

ಬೇರೆ ಬಗೆಯ ಪುಟ್ಟ ಲ್ಯಾಪ್‌ಟಾಪ್ ಇರುವವರಿಗೂ ಎರಡು ಮಾತು ಹೇಳಿಬಿಡುತ್ತೇನೆ. ಇನ್‌ಸ್ಟಾಲರ್ ನಡುವೆ 'ಸ್ಕ್ವಾಶ್‌ಎಫ್‌ಎಸ್ ಎರರ್' ಅಂತ ಸಾಲು ಸಾಲಾಗಿ ಬಂದರೆ ಪೆನ್‌ಡ್ರೈವ್ ಅಥವಾ ರ‍್ಯಾಮ್ ಮೇಲೆ ಅನುಮಾನ ಪಡಿ, ಮೊದಲು ಬೇರೆ ಪೆನ್‌ಡ್ರೈವ್. ಗ್ರಬ್ ಬಂದು ಆಮೇಲೆ ಪರದೆ ಕಪ್ಪಾದರೆ ಲಿನಕ್ಸ್ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ನೋಡಿ, ಅದರಿಂದ ಬೂಟ್ ಆದರೆ ತಕರಾರು ಗ್ರಾಫಿಕ್ಸ್‌ನದ್ದು. ಡಿಸ್ಕ್ ಪಟ್ಟಿಯೇ ಖಾಲಿ ಇದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ಕ್ರಮ ರೇಡ್ ಅಥವಾ ಆರ್‌ಎಸ್‌ಟಿ ಅಂತ ಇದೆಯಾ ನೋಡಿ, ಎಎಚ್‌ಸಿಐಗೆ ಬದಲಾಯಿಸಬೇಕು. 1024×600 ಪರದೆಯ ಹಳೇ ನೆಟ್‌ಬುಕ್‌ಗಳಲ್ಲಿ ಲೈವ್ ಇನ್‌ಸ್ಟಾಲರ್‌ನ ಮುಂದೆ ಹೋಗುವ ಬಟನ್ ಪರದೆಯ ಕೆಳಗೆ ಅಡಗಿಕೊಂಡಿರುತ್ತದೆ. ಆಲ್ಟ್ ಕೀ ಹಿಡಿದು ಕಿಟಕಿಯನ್ನು ಮೌಸ್‌ನಿಂದ ಮೇಲಕ್ಕೆ ಎಳೆದರೆ ಸಿಗುತ್ತದೆ. ಇನ್ನು ಆಟಮ್ ಎನ್2600ದಂಥ, ಜಿಎಂಎ 3600 ಗ್ರಾಫಿಕ್ಸ್ ಇರುವ ಯಂತ್ರವನ್ನು ಯಾರಾದರೂ ಮಾರಲು ಬಂದರೆ ಲಿನಕ್ಸ್‌ಗಂತೂ ತಗೊಳ್ಳಬೇಡಿ. ಆ ಗ್ರಾಫಿಕ್ಸ್ ಇಮ್ಯಾಜಿನೇಶನ್ ಟೆಕ್ನಾಲಜೀಸ್ ಕಂಪನಿಯ ಪವರ್‌ವಿಆರ್ ವಿನ್ಯಾಸ, ಲಿನಕ್ಸ್‌ನಲ್ಲಿ ಚಿತ್ರ ಮೂಡುತ್ತದೆ, ವೇಗ ಬರುವುದಿಲ್ಲ.

ಹಾಕಿದ ಮೇಲೆ

'ಝಡ್‌ರ‍್ಯಾಮ್-ಟೂಲ್ಸ್' ಪ್ಯಾಕೇಜ್ ಹಾಕಿ. ರ‍್ಯಾಮ್‌ನ ಒಂದು ಪಾಲನ್ನು ಒತ್ತಿ ಹಿಂಡಿ ಸ್ವಾಪ್‌ನಂತೆ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಬಳಸುವ ವ್ಯವಸ್ಥೆ ಇದು. 2 ಜಿಬಿ ಯಂತ್ರದಲ್ಲಿ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ, ಇಎಂಎಂಸಿ ಸವೆಯುವುದೂ ಕಡಿಮೆಯಾಗುತ್ತದೆ. ಬರೆಯುವುದು, ಓದುವುದು, ಮೇಲ್ ನೋಡುವುದು, ಕೋಡಿಂಗ್ ಕಲಿಯುವುದು ಇವಕ್ಕೆಲ್ಲ ಯಂತ್ರ ಸಾಕು. ಹತ್ತು ಟ್ಯಾಬ್ ತೆರೆದಿಟ್ಟು ಜೊತೆಗೆ ವಿಡಿಯೊ ಕಾಲ್ ಮಾಡಬೇಕು ಅಂದರೆ ಯಾವ ಡಿಸ್ಟ್ರೋ ಹಾಕಿದರೂ ಆಗುವುದಿಲ್ಲ, ಆಗುತ್ತದೆ ಅಂತ ಹೇಳುವವರ ಮಾತು ನಂಬಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲಾದರೂ ನಿಂತರೆ ಮತ್ತೆ ಬರೆಯಿರಿ, ಆದರೆ 'ಬೂಟ್ ಆಗ್ತಿಲ್ಲ' ಅಂತ ಮಾತ್ರ ಬರೆಯಬೇಡಿ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಸಾಲಿನಲ್ಲಿರುವ 'ಕ್ವಯಟ್' ಪದ ಅಳಿಸಿ ಬೂಟ್ ಮಾಡಿ. ಕರ್ನಲ್ ತಾನು ಮಾಡುತ್ತಿರುವುದನ್ನೆಲ್ಲ ಪರದೆ ಮೇಲೆ ಬರೆಯುತ್ತಾ ಹೋಗುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲಿ ಪರದೆಯ ಫೋಟೊ ತೆಗೆದು, ಕೊನೆಯ ಐದಾರು ಸಾಲು ಓದುವಂತಿದೆಯಾ ನೋಡಿ ಕಳಿಸಿ. ಜೊತೆಗೆ ಡೆಬಿಯನ್‌ನ ಆವೃತ್ತಿ ಸಂಖ್ಯೆಯನ್ನೂ, ಇನ್‌ಸ್ಟಾಲ್ ಮಾಡುವಾಗ ಸಿಸ್ಟೇಟ್ ಪದ ಸೇರಿಸಿದ್ದಿರೋ ಇಲ್ಲವೋ ಎಂಬುದನ್ನೂ ತಿಳಿಸಿ.